ಬಾಯಲ್ಲಿ ಪಾನ್ ಇರಲಿಲ್ಲ

ಊಟಕ್ಕೆ ಬನ್ನಿ ಅಂತ ಕೂಗಿದೆ. ಹೊರಗಿನ ಕಟ್ಟೆಯಿಂದ ದೊಡ್ಡಪ್ಪ ಏನೋ ಹೇಳಿದರು. ಒಳಗಿದ್ದ ನಮಗೆ ಸರಿಯಾಗಿ ತಿಳಿಯಲಿಲ್ಲ.

ನಾನು, ದೊಡ್ಡಮ್ಮ ಇಬ್ಬರೂ ನಕ್ಕೆವು. ಹೊಸದೇನಲ್ಲವಲ್ಲ... ಬಾಯಿ ತುಂಬ ಪಾನ್.

ನಮ್ಮ ಮನೆ ಕಾಶಿಯ ಹನುಮಾನ್ ಘಾಟ್ ಗಲ್ಲಿಯಲ್ಲಿ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವುದು ದೊಡ್ಡಪ್ಪನ ಕೆಲಸ. ಮಂತ್ರ ಹೇಳುವಾಗ ಒಂದೊಂದು ಅಕ್ಷರವೂ ಸ್ವಚ್ಛ.

ಕೆಲಸ ಮುಗಿದು ಪಾನ್ ಬಾಯಿಗೆ ಬಿತ್ತೋ, ಅಪ್ಪಟ ಬನಾರಸಿ! ರಸ ಚೆಲ್ಲದಂತೆ ಗದ್ದ ಮೇಲೆತ್ತಿ, ಮೂಗಿನಲ್ಲೇ ಲೋಕದ ಸುದ್ದಿಯೆಲ್ಲ ಮಾತಾಡುತ್ತಿದ್ದರು.

ಚಿಕ್ಕವಳಿದ್ದಾಗ ನಾನೇ ಅವರ ದುಭಾಷಿ. ಧಾರವಾಡದಿಂದಲೋ ಮೈಸೂರಿನಿಂದಲೋ ಬಂದವರು ಕಕ್ಕಾಬಿಕ್ಕಿಯಾಗಿ ನಿಂತರೆ, ದೊಡ್ಡಪ್ಪನ ತೊಡೆಯ ಮೇಲೆ ಕೂತು "ನಾಳೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ ಅಂತಿದಾರೆ" ಎನ್ನುತ್ತಿದ್ದೆ. ಏನು ಜಂಬ ನನಗೆ! ದೊಡ್ಡಪ್ಪ ತಲೆಯಾಡಿಸಿ ಬೆನ್ನು ತಟ್ಟುತ್ತಿದ್ದರು.

ಆ ದಿನ ಎದ್ದು ಬಂದರು. ಬಚ್ಚಲಿಗೆ ಹೋಗಿ ಪಾನ್ ಉಗಿದು, ಬಾಯಿ ಮುಕ್ಕಳಿಸಿ, ಎಲೆಯ ಮುಂದೆ ಕೂತರು. ದೊಡ್ಡಮ್ಮನಿಗೆ ಏನೋ ಹೇಳಿದರು.

ಮಾತು ಹಾಗೇ ಇತ್ತು.

ಬಾಯಲ್ಲಿ ಪಾನ್ ಇರಲಿಲ್ಲ. ತುಟಿಯ ಒಂದು ಬದಿ ಜೋತುಬಿದ್ದಿತ್ತು, ಬಲಗೈ ತುತ್ತು ಎತ್ತಲಿಲ್ಲ.

ನಮ್ಮ ಗಲ್ಲಿಗೆ ಗಾಡಿ ಬರುವುದಿಲ್ಲ. ಅಕ್ಕಪಕ್ಕದವರು ಕುರ್ಚಿ ಸಮೇತ ಹೊತ್ತು ಶಿವಾಲದ ರಸ್ತೆಗೆ ತಂದರು, ಅಲ್ಲಿಂದ ಆಟೋದಲ್ಲಿ ಆಸ್ಪತ್ರೆಗೆ.

ಡಾಕ್ಟರಮ್ಮನ ಮೊದಲ ಪ್ರಶ್ನೆ, "ಆಖಿರಿ ಬಾರ್ ಠೀಕ್ ಸೆ ಕಬ್ ಬೋಲೆ ಥೆ?" ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ?

ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆಯಂತೆ. ಆದರೆ ಸ್ಟ್ರೋಕ್ ಆಗಿ ಹೊತ್ತು ಮೀರಿದ್ದರೆ ಅದನ್ನು ಕೊಡುವುದೇ ಅಪಾಯ, ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು.

ನಾನು ದೊಡ್ಡಮ್ಮನ ಮುಖ ನೋಡಿದೆ. "ಹೇಗೆ ಹೇಳ್ಲಿ ಪುಟ್ಟೀ? ಬೆಳಿಗ್ಗೇನೇ ಘಾಟಿನಿಂದ ಬಂದವ್ರೇ ಪಾನ್ ಹಾಕ್ಕೊಂಡ್ರು. ಆಮೇಲೆ ಯಾವ್ದು ಪಾನ್ ಮಾತು, ಯಾವ್ದು ಕಾಯಿಲೆ ಮಾತು..." ಅಂತ ಅತ್ತುಬಿಟ್ಟರು.

ಅಷ್ಟು ವರ್ಷ ಅವರ ಮಾತು ಬಿಡಿಸಿ ಹೇಳಿದ ನನಗೂ ಗೊತ್ತಿರಲಿಲ್ಲ. ಮಂತ್ರ ಹೇಳಿಯೇ ಬದುಕಿದವರ ಮಾತು ಹೋದರೆ?

ಹಾಗಾದರೆ ಮಿದುಳನ್ನೇ ಕೇಳೋಣ ಎಂದು ಡಾಕ್ಟರಮ್ಮ ತಕ್ಷಣ ಎಂಆರ್‌ಐ ಮಾಡಿಸಿದರು.

ಸ್ಕ್ರೀನಿನಲ್ಲಿ ಎರಡು ಬಗೆಯ ಚಿತ್ರ. ಒಂದರಲ್ಲಿ ಬಿಳಿ ಮಚ್ಚೆ ಎದ್ದು ಕಾಣುತ್ತಿತ್ತು. ಇನ್ನೊಂದರಲ್ಲಿ ಅದೇ ಜಾಗದಲ್ಲಿ ಏನೂ ಇಲ್ಲ.

ಎರಡನೆಯದರಲ್ಲಿ ಮಚ್ಚೆ ಮೂಡಲು ಕೆಲವು ಗಂಟೆ ಬೇಕಂತೆ. ಇನ್ನೂ ಮೂಡಿಲ್ಲ ಅಂದರೆ ಸ್ಟ್ರೋಕ್ ಆಗಿ ಹೆಚ್ಚು ಹೊತ್ತಾಗಿಲ್ಲ. ರಕ್ತಸ್ರಾವವೂ ಕಾಣಲಿಲ್ಲ.

"ಅಭೀ ಟೈಮ್ ಹೈ" ಅಂದರು. ಇನ್ನೂ ಟೈಮ್ ಇದೆ... ಇಂಜೆಕ್ಷನ್ ಕೊಟ್ಟರು.

ಮರುದಿನ ದೊಡ್ಡಪ್ಪ ನನ್ನನ್ನು ಕರೆದರು. ತೊದಲು ತೊದಲಾಗಿ, ಆದರೆ ನನ್ನದೇ ಹೆಸರು. ವಾರ್ಡು ಅಂತಲೂ ನೋಡದೆ ಗೊಳೋ ಎಂದು ಅತ್ತೆ.

ಈಗ ಪಾನ್ ಪೂರಾ ಬಂದ್. ಮತ್ತೆ ಕಟ್ಟೆಯ ಮೇಲೆ ಕೂರುತ್ತಾರೆ, ಬಂದವರಿಗೆ ಎಲ್ಲವನ್ನೂ ತಾವೇ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಾರೆ.

ಯಾರೂ ನನ್ನ ಕಡೆ ತಿರುಗಿ ನೋಡುವುದಿಲ್ಲ. ಒಳಗಿನಿಂದ ಕೇಳಿಸಿಕೊಂಡು ಖುಷಿಪಡುತ್ತೇನೆ... ಗದ್ದ ಮೇಲೆತ್ತಿ ಆಡುತ್ತಿದ್ದ, ನನಗೊಬ್ಬಳಿಗೇ ತಿಳಿಯುತ್ತಿದ್ದ ಆ ಮಾತೂ ನೆನಪಾಗುತ್ತದೆ.

ನಿಮ್ಮ ಮನೆಯ ಹಿರಿಯರು ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ ಅಂತ ಈಗಲೇ ಯಾರಾದರೂ ಕೇಳಿದರೆ, ನಿಮ್ಮ ಹತ್ತಿರ ಉತ್ತರ ಇದೆಯಾ?