ತಲೆಯ ಮೇಲೊಂದು ನೋಟ್‌ಬುಕ್

ಬಿಜೈಯ ಟೈಲರ್ ಅಂಗಡಿಯ ಮಾಳಿಗೆಯಲ್ಲಿ, ಹೊರದೇಶದ ಕೆಲಸಕ್ಕೆ ಹೊರಟವರಿಗೆ ಭಾಷೆ ಕಲಿಸುವ ಲ್ಯಾನ್ಸಿ ಮಾಸ್ಟ್ರಲ್ಲಿ ಹೊಸಬರೆಲ್ಲ ಕೇಳುವ ಪ್ರಶ್ನೆ ಒಂದೇ: "ಅರ್ಮೇನಿಯನ್ ಸುಲಭವಾ ಸಾರ್, ಕ್ರೊಯೇಷಿಯನ್ನಾ?" ಬಂಗುಡೆ ಕೊಳ್ಳುವುದೋ ಬೂತಾಯಿಯೋ ಎಂದು ಮೀನು ಮಾರ್ಕೆಟ್ಟಿನಲ್ಲಿ ನಿಂತವರಂತೆ ಮಾಸ್ಟ್ರು ಸ್ವಲ್ಪ ಯೋಚಿಸುತ್ತಾರೆ. "ಅರ್ಮೇನಿಯನ್‌ನಲ್ಲಿ ಸ್ತ್ರೀಲಿಂಗ ಪುಲ್ಲಿಂಗದ ತಲೆಬಿಸಿ ಇಲ್ಲ ಮಾರಾಯ, ಆದರೆ ಮೂವತ್ತೊಂಬತ್ತು ಅಕ್ಷರ ಹೊಸತಾಗಿ ತಿದ್ದಬೇಕು. ಕ್ರೊಯೇಷಿಯನ್‌ಗೆ ಹೆಚ್ಚುಕಮ್ಮಿ ಇಂಗ್ಲಿಷಿನ ಅಕ್ಷರವೇ ಸಾಕು, ಆದರೆ ಲಿಂಗ ಮೂರು, ವಿಭಕ್ತಿ ಏಳು ಉಂಟು. ಎರಡನ್ನೂ ಕಲೀಬಹುದು. ನಿಮ್ಮ ಈ ತಲೆ ನಿಲ್ಲಿಸುವುದೇ ಕಷ್ಟ." ಹಾಗೆಂದು ಪ್ರತಿಯೊಬ್ಬರ ನೆತ್ತಿಯ ಮೇಲೂ ಒಂದು ನೋಟ್‌ಬುಕ್ ಇಟ್ಟು ಪಾಠ ಶುರುಮಾಡುತ್ತಾರೆ. ಹೌದು ಎನ್ನಲು ನಮ್ಮೂರಿನ ರೂಢಿಯಂತೆ ತಲೆಯನ್ನು ಆಚೀಚೆ ಆಡಿಸಿ ಪುಸ್ತಕ ಬೀಳಿಸಿದವರು, ಕ್ರೊಯೇಷಿಯನ್‌ನಲ್ಲಿ 'ದಾ', ಅರ್ಮೇನಿಯನ್‌ನಲ್ಲಿ 'ಅಯೋ' ಎಂದು ನೂರು ಸಲ ಬಾಯಿಬಿಟ್ಟು ಹೌದು ಹೇಳಬೇಕು. ನರ್ಸುಗಳೂ ಮೀಸೆಯ ವೆಲ್ಡರುಗಳೂ ಪುಸ್ತಕ ಹೊತ್ತು ಕುಳಿತು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಮಾಸ್ಟ್ರು ನಗುವುದಿಲ್ಲ. ಅವರ ಹೆಂಡತಿ ಡುಲ್ಸಿನ್ ಕ್ರೊಯೇಷಿಯಾದ ಒಂದು ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ಒಂದು ಬೆಳಿಗ್ಗೆ ಎದೆ ಹಿಡಿದು ಕುಳಿತವಳನ್ನು, ಡಾಕ್ಟರನ್ನು ಕರೆಯಬೇಕಾ ಎಂದು ಜೊತೆಗಿದ್ದ ಅಲ್ಲಿನವರು ಕೇಳಿದಾಗ ಅವಳು ಹೌದೆಂದು ತಲೆಯನ್ನು ಆಚೀಚೆ ಆಡಿಸಿದಳು. ಅಲ್ಲಿ ಹಾಗೆ ಆಡಿಸಿದರೆ ಇಲ್ಲ ಎಂದರ್ಥ; ಬೇಡ ಎನ್ನುತ್ತಿದ್ದಾಳೆಂದು ತಿಳಿದು ಅವರು ಕೆಲಸಕ್ಕೆ ಮರಳಿದರು. ಮಧ್ಯಾಹ್ನ ಊಟಕ್ಕೆ ಕರೆಯಲು ಬಂದಾಗ ಜೀವ ಹೋಗಿತ್ತು. ಇದನ್ನು ಬಲ್ಲ ಯಾರಾದರೂ, "ಡುಲ್ಸಿನ್ ಆಂಟಿ ನೆನಪಾಗ್ತಾರಾ ಮಾಸ್ಟ್ರೇ?" ಎಂದು ಕೇಳಿದರೆ, ಎರಡು ಭಾಷೆಗಳಲ್ಲಿ ಹೌದು ಕಲಿಸುವ ಆ ಬಾಯಿ ತೆರೆಯುವುದಿಲ್ಲ, ತಲೆ ಮಾತ್ರ ಮೆಲ್ಲಗೆ ಆಚೀಚೆ ಆಡುತ್ತದೆ.