ಸಂತೆಯ ದಿನ ಅವ್ವ ಹೊಲಿಯುತ್ತಿದ್ದ ಕೌದಿ

ಇಂದು ಅಫಜಲಪುರದಲ್ಲಿ ಬಸ್ಸಿನ ಕಿಟಕಿಯಿಂದ, ಗೋಡೆಯ ಮೇಲೆ ಒಣಹಾಕಿದ ಕೌದಿಯೊಂದು ಕಂಡಿತು. ಅವ್ವ ನೆನಪಾದಳು.

ನಮ್ಮದು ತುಂಬಿದ ಮನೆ. ವಾರವೆಲ್ಲ ಅವ್ವನಿಗೆ ರೊಟ್ಟಿ ಬಡಿಯುವುದು, ಕೊಟ್ಟಿಗೆ ಬಳಿಯುವುದು ಮುಗಿಯುತ್ತಿರಲಿಲ್ಲ. ಎಲ್ಲರೂ ಸಂತೆಗೆ ಹೋದ ಮೇಲಷ್ಟೇ ಹಳೆಯ ಸೀರೆಗಳ ತುಂಡು ಹರವಿಕೊಂಡು ಕೌದಿ ಹೊಲಿಯಲು ಕೂಡುತ್ತಿದ್ದಳು. ಒಮ್ಮೆ ನಾನು ಸಂತೆಗೆ ಹೋಗದೆ ಉಳಿದಾಗ, ಹಸಿರು ತುಂಡೊಂದನ್ನು ಸವರುತ್ತ ಏನೋ ಪಿಸುಗುಡುತ್ತಿದ್ದಳು.

"ಯಾರ ಜೋಡಿ ಮಾತಾಡಾಕತ್ತಿ ಅವ್ವಾ?" ಎಂದೆ.

"ನಮ್ಮವ್ವನ ಜೋಡಿ. ಇದು ಆಕಿ ಸೀರಿ. ಈ ಮನ್ಯಾಗ ನನ್ನ ಮಾತು ಕೇಳಾಕ ಯಾರಿಗೆ ಪುರಸತ್ತದ?"

"ನನಗದಲ್ಲಾ!" ಎಂದು ಅವಳಿಗೆ ಒತ್ತಿ ಕುಳಿತೆ.

ಅವ್ವ ತನ್ನ ತವರಿನ ಸುದ್ದಿ ಹೇಳತೊಡಗಿದಳು. ಸಂತೆಯ ಗಾಡಿಯ ಸದ್ದು ಕೇಳಿದ್ದೇ, ಕಣ್ಣೊರೆಸಿಕೊಂಡು ಒಲೆ ಹಚ್ಚಲು ಎದ್ದಳು.

ನನಗೂ ಈ ವಾರವಿಡೀ ನೆಂಟರು, ಅಡುಗೆ. ಇಂದು ಬಸ್ಸಿಳಿದು ಬಂದು, ಸಂಜೆ ಮನೆ ಖಾಲಿಯಾದಾಗ, ತೀರಿಹೋದ ಅವ್ವನ ಸೀರೆ ತೆಗೆದು ಕೌದಿಗೆಂದು ಕುಳಿತೆ. ಕತ್ತರಿ ಹಾಕಲು ಕೈ ಬರಲಿಲ್ಲ.