ಪಕ್ಕದ ಮನೆಯ ಸಿಗಾರ್

ನಿವೃತ್ತ ಎಂಜಿನಿಯರ್ ಗುರುಬಸವರಾಜರು ನಮ್ಮ ಹಡಗಲಿಯಲ್ಲಿ ಸಿಗಾರ್ ಸೇದುವ ಒಬ್ಬರೇ ಮನುಷ್ಯರು. ಅವರ ಪಕ್ಕದ ಮನೆಯಲ್ಲಿ ಕೂತು ಬೀಡಿ ಸೇದುವ ಹಣೆಬರಹ ನನ್ನದು. ಹೆಬ್ಬೆರಳಿಗಿಂತ ದಪ್ಪನೆಯ ಆ ಕರಿ ಸಿಗಾರ್ ಒಣಗಬಾರದೆಂದು, ಹೆಂಡತಿ ಮರುಳಸಿದ್ದಮ್ಮನ ವೀಳ್ಯದೆಲೆಯ ಜೊತೆ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಭಾನುವಾರ ಸಂಜೆ ಕಟ್ಟೆಯ ಮೇಲೆ ಕೂತು, ಹೊಗೆಯನ್ನು ನುಂಗದೆ ಬಾಯಲ್ಲೇ ಹೊರಳಿಸಿ, "ಮೊದ್ಲು ಮೆಣಸು, ಆಮ್ಯಾಲೆ ಕಾಫಿ, ಕಡೀಗೆ ಬೆಲ್ಲ ನೋಡ್ರಿ" ಎನ್ನುತ್ತಾರೆ. ಒಂದೇ ಸಿಗಾರ್ ಎರಡು ಗಂಟೆ ಬರುತ್ತದೆ. ಅಷ್ಟರಲ್ಲಿ ಆರು ಬೀಡಿಯ ಜೊತೆ ನನ್ನ ಹೊಟ್ಟೆಯೂ ಉರಿದಿರುತ್ತದೆ. ಇವತ್ತಿನವರೆಗೆ ಒಂದು ದಮ್ಮು ಎಳೆದು ನೋಡು ಎಂದವರಲ್ಲ. ಮೊನ್ನೆ ಗೋಡೆಯಾಚೆ ಇಣುಕಿದೆ. ಕಣ್ಣು ಹೋಗಿರುವ ಮರುಳಸಿದ್ದಮ್ಮ ಎಲೆಗೆ ಸುಣ್ಣ ಹಚ್ಚುತ್ತಾ, "ಹೊಗಿ ಬರವಲ್ದು, ಎದ್ದು ಹೋದ್ರೇನ್ರಿ?" ಎಂದರು. "ಇಲ್ಲೇ ಅದೀನಿ" ಎಂದು ಗುರುಬಸವರಾಜರು ಮತ್ತೊಂದು ದಮ್ಮು ಎಳೆದು ಹೆಂಡತಿಯ ಕಡೆಗೇ ಬಿಟ್ಟರು. ನಾನು ಬೀಡಿ ಆರಿಸಿದೆ. ನನ್ನ ಹೊಗೆ ಬಂದರೆ ನನ್ನಾಕೆ ಕಿಟಕಿ ಮುಚ್ಚುತ್ತಾಳೆ.